ಹಿತ್ತಲ ಗೋಡೆಯ ತೇವ

ತೊಕ್ಮೊಕ್ ಊರಿನಲ್ಲಿ ರೈಲು ಹಳಿಯ ಆಚೆ ಬದಿಗೆ ಮನೆ ಕೊಳ್ಳುವವರು ಕಡಿಮೆ. ಅಲ್ಲಿರುವುದೆಲ್ಲ ಅಜ್ಜಂದಿರ ಕಾಲದ ಮನೆಗಳು, ಬಿಸಿಲಿಗೆ ಒಣಗಿಸಿದ ಮಣ್ಣಿಟ್ಟಿಗೆಯವು. ಅಂಥದ್ದೊಂದು ಮನೆ ಮಾರಾಟಕ್ಕಿದೆ, ಬೆಲೆ ಕೇಳಿದರೆ ನೀನು ನಂಬುವುದಿಲ್ಲ ಎಂದು ಗಂಡ ಜೆನಿಶ ಬಂದು ಹೇಳಿದಾಗ ಚಿನಾರ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ಅಷ್ಟು ಕಡಿಮೆಗೆ ಕೊಡ್ತಾರೆ ಅಂದ್ರೆ ಏನೋ ಇದೆ," ಅಂದಳು.

"ಏನಿರತ್ತೆ? ಎರಡು ಕೋಣೆ, ಒಂದು ಒಲೆ, ಅಂಗಳದಲ್ಲಿ ಕೈಪಂಪು. ನಮಗೇನು ಅರಮನೆ ಬೇಕಾ?"

"ಗೋಡೆ ನೋಡ್ದೆ ಮಾತಾಡಬೇಡ."

"ಸರಿ ಮಾರಾಯ್ತಿ, ಬಂದು ಗೋಡೇನೇ ನೋಡು. ಬೇಕಾದ್ರೆ ನೆಕ್ಕಿ ನೋಡು."

ಅವರಿಗೆ ಮನೆ ಬೇಕೇ ಬೇಕಾಗಿತ್ತು. ತಂದೆಯ ಮನೆ ಕಿರಿಯ ಮಗನಿಗೆ ಸೇರಬೇಕೆಂಬುದು ಅಲ್ಲಿಯ ಪದ್ಧತಿ. ಜೆನಿಶ ಹಿರಿಯವನು. ತಮ್ಮನ ಮದುವೆಯಾಗುವವರೆಗೆ ಎಲ್ಲರೂ ಒಂದೇ ಸೂರಿನಡಿ ಇದ್ದರು, ಯಾರಿಗೂ ಅದು ಹೆಚ್ಚೆನಿಸಿರಲಿಲ್ಲ. ಬೇಸಿಗೆಯ ಕೊನೆಯಲ್ಲಿ ತಮ್ಮ ಹೆಂಡತಿಯನ್ನು ಕರೆತಂದ. "ನಿಧಾನವಾಗಿ ಹುಡುಕಿಕೊಳ್ಳಿ, ಅವಸರ ಏನಿಲ್ಲ," ಎಂದು ಅತ್ತೆ ಹೇಳಿದ್ದರು. ಹಾಗೆಂದ ದಿನವೇ ಹೊಸ ಸೊಸೆಯ ತವರಿನಿಂದ ಬಂದ ಹಾಸಿಗೆಗಳನ್ನೆಲ್ಲ ಚಿನಾರಳ ಕೋಣೆಯಲ್ಲಿ ಸೂರಿನವರೆಗೆ ಒಟ್ಟಿದರು. ಆಮೇಲೆ ಗಂಡ, ಹೆಂಡತಿ, ಮಗಳು ಮೂವರೂ ಆ ರಾಶಿಯ ಪಕ್ಕದಲ್ಲಿ ಮುದುಡಿ ಮಲಗುತ್ತಿದ್ದರು.

ಜೆನಿಶ ಹಾಲಿನ ವ್ಯಾನು ಓಡಿಸುತ್ತಿದ್ದ. ಚಿನಾರ ಈಗ ಹೊಲಿಗೆ ಕಾರ್ಖಾನೆಯ ಕೆಲಸದವಳು. ಅದಕ್ಕೆ ಮೊದಲು ಎರಡು ಚಳಿಗಾಲ ಮಾಸ್ಕೋದ ಒಂದು ಆಸ್ಪತ್ರೆಯ ಬಟ್ಟೆ ಒಗೆದು ಬಂದಿದ್ದಳು. ಅವಳ ತಾಯಿಯೂ ಮಗಳಿಗೊಂದು ಸೂರಾಗಲಿ ಎಂದು ಹಾಲು ಕೊಡುವ ಹೆಣ್ಣು ಕುದುರೆಯನ್ನೇ ಮಾರಿದ್ದಳು. ಮನೆಗೆಂದು ಕೂಡಿಟ್ಟದ್ದರಲ್ಲಿ ಹೆಚ್ಚುಪಾಲು ಚಿನಾರಳದೇ. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಿದವರಲ್ಲ.

ಭಾನುವಾರ ಮನೆ ನೋಡಲು ಹೋದರು. ಮಾರುವವನು ಮೆಲಿಸ, ಐವತ್ತರ ಹತ್ತಿರದವನು. ರಾಜಧಾನಿ ಬಿಷ್ಕೆಕ್‌ನಿಂದ ತನ್ನ ಕಾರಿನಲ್ಲಿ ಬಂದು ಗೇಟಿನ ಬಳಿ ಕಾಯುತ್ತಿದ್ದ. ಮನೆ ಅವನ ತಂದೆಯದು, ತಂದೆ ವಸಂತದಲ್ಲಿ ತೀರಿಕೊಂಡಿದ್ದರು. ನೀಲಿ ಬಳಿದ ಕಿಟಕಿಗಳು, ಸುಣ್ಣದ ಗೋಡೆ, ಮೇಲೆ ಹಳೆಯ ಸಿಮೆಂಟ್ ಶೀಟು. ಒಳಗೆ ಕಾಲಿಟ್ಟ ಕೂಡಲೇ ಚಿನಾರಳಿಗೆ ತವರಿನ ವಾಸನೆ ಬಂತು. ಬೆಚ್ಚಗಿನ ಮಣ್ಣು, ಸುಣ್ಣ, ಒಲೆಯ ಬೂದಿ ಸೇರಿದ ವಾಸನೆ. ನಾರಿನ್ ಕಡೆಯ ಹಳ್ಳಿಯಲ್ಲಿ ಅವಳು ಹುಟ್ಟಿ ಬೆಳೆದದ್ದೂ ಇಂಥ ಮನೆಯಲ್ಲೇ. ಪ್ರತಿ ವಸಂತದಲ್ಲೂ ತಾಯಿಯ ಜೊತೆ ಮಣ್ಣಿಗೆ ಹುಲ್ಲು ಬೆರೆಸಿ ತುಳಿದು ಗೋಡೆಗೆ ಗಿಲಾವು ಮಾಡಿದ ಕೈ ಅವಳದು.

ಅವಳು ಒಂದೊಂದೇ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಬಂದಳು. ಕಿಟಕಿಯ ಮೂಲೆಗಳಲ್ಲಿ ಬಿರುಕು ಹುಡುಕಿದಳು. ನೆಲದ ಹಲಗೆಯ ಮೇಲೆ ಕುಣಿದಂತೆ ಹಿಮ್ಮಡಿ ಊರಿ ನೋಡಿದಳು. ತೊಲೆಗಳು ನೆಟ್ಟಗಿದ್ದವು. ಒಲೆ ಚೆನ್ನಾಗಿತ್ತು. ಹಿಂದಿನ ಕೋಣೆಗೆ ಬಂದಾಗ ಮಾತ್ರ ತಟ್ಟಿದ ಸದ್ದು ಮಂಕಾಯಿತು. ಹಿತ್ತಲ ಕಡೆಯ ಗೋಡೆ ಮೊಣಕಾಲ ಎತ್ತರದವರೆಗೆ ಕಪ್ಪಾಗಿ ತೇವ ಹಿಡಿದಿತ್ತು, ಅದರ ಮೇಲಂಚಿಗೆ ಉಪ್ಪು ಬಿಟ್ಟಿತ್ತು. ಬೆರಳಿಂದ ಒತ್ತಿದರೆ ಮಣ್ಣು ಉದುರಿತು.

"ಮಳೆ ನೀರಿನದು," ಅಂದ ಮೆಲಿಸ. "ಒಲೆ ಹಚ್ಚಿದ್ರೆ ಒಂದು ವಾರದಲ್ಲಿ ಒಣಗತ್ತೆ. ಅದಕ್ಕೇ ಅಲ್ವಾ ತಮ್ಮಾ ಇಷ್ಟು ಕಡಿಮೆಗೆ ಬಿಡ್ತಿರೋದು."

"ಒಲೆ ಹಚ್ಚಿದ್ರೆ ಹೊಗೆಗೆ ಸಾಯ್ತೀರಿ," ಎಂದು ಬಾಗಿಲ ಕಡೆಯಿಂದ ಒಂದು ದನಿ ಬಂತು.

ಅರವತ್ತು ದಾಟಿದ ಹೆಂಗಸು, ತಲೆಗೆ ಬಿಳಿ ವಸ್ತ್ರ ಕಟ್ಟಿದವಳು. ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಇವರು ಯಾರು?" ಅಂದಳು ಚಿನಾರ.

"ಜೂರಾ ಅಂತ. ಅಪ್ಪನ್ನ ನೋಡ್ಕೊಳ್ತಿದ್ರು," ಅಂದ ಮೆಲಿಸ. "ಹೊರಡ್ತಾರೆ, ಚಿಂತೆ ಇಲ್ಲ."

"ನೋಡ್ಕೊಳ್ತಿದ್ದೆ," ಎಂದಳು ಜೂರಾ, ಅವನ ಮಾತನ್ನೇ ಹಿಡಿದು. "ಕೇಳು ತಾಯಿ, ಹೊಗೆಗೂಡು ಒಳಗೆ ಒಡೆದಿದೆ. ಹಿಮ ಕರಗ್ತು ಅಂದ್ರೆ ನೆಲಮಾಳಿಗೇಲಿ ನೀರು ಏಳತ್ತೆ, ಆಲೂಗಡ್ಡೆ ತೇಲತ್ತೆ. ಸೂರಿನ ಮೇಲೆ ಇಲಿ. ರೈಲು ಹೋದಾಗ ಮಂಚ ನಡುಗತ್ತೆ, ಮಕ್ಕಳು ಬೆಚ್ಚಿ ಏಳ್ತವೆ. ಇನ್ನೇನು ಬೇಕು?"

"ಅಪಾ, ಸುಮ್ನಿರಿ," ಅಂದ ಮೆಲಿಸ ಹಲ್ಲು ಕಚ್ಚಿ. ಹಿರಿಯ ಹೆಂಗಸರನ್ನು ಅಲ್ಲಿ ಹಾಗೇ ಕರೆಯುವುದು.

"ಯಾಕಪ್ಪ ಸುಮ್ನಿರ್ಲಿ? ಜನ ತಿಳ್ಕೊಂಡು ಕೊಳ್ಳಲಿ. ಕುದುರೆ ಕೊಳ್ಳೋವಾಗ ಹಲ್ಲು ನೋಡಲ್ವಾ?"

ವಾಪಸು ಬರುವಾಗ ವ್ಯಾನಿನಲ್ಲಿ ಜೆನಿಶ ನಗುತ್ತಿದ್ದ. "ಮುದುಕಿಗೆ ಬಿಟ್ಟು ಹೋಗೋಕೆ ಮನಸ್ಸಿಲ್ಲ, ಅದಕ್ಕೇ ಬೊಗಳೆ. ಹೊಗೆಗೂಡು ಒಡೆದಿದ್ರೆ ಗೋಡೆಗೆ ಮಸಿ ಹತ್ತಿರ್ತಿತ್ತು. ಎಲ್ಲಿತ್ತು ಮಸಿ?"

"ಹಿತ್ತಲ ಗೋಡೆ ಸುಳ್ಳಲ್ಲ."

"ಅದೊಂದು ನಿಜ. ಅದೊಂದನ್ನೇ ಕಾರಣ ಮಾಡ್ಕೊಂಡು ಮನೇನೇ ಬಿಟ್ಟುಬಿಡೋಣ್ವಾ? ಹಾಸಿಗೆ ರಾಶಿ ಕೆಳಗೆ ಬಿದ್ದು ಸಾಯೋಣ್ವಾ?"

ಚಿನಾರ ಕಿಟಕಿಯಾಚೆಯ ಗೋಡೆಗಳನ್ನು ನೋಡುತ್ತ ಕೂತಳು. ಅವಳಿಗೆ ಅರ್ಥವಾಗದ್ದು ಒಂದಿತ್ತು. ಆ ಶರತ್ಕಾಲದಲ್ಲಿ ಮಳೆಯೇ ಬಿದ್ದಿರಲಿಲ್ಲ. ಅಕ್ಕಪಕ್ಕದ ಮನೆಗಳ ಗೋಡೆಗಳೂ ಬುಡದವರೆಗೆ ಒಣಗಿ ಬೆಳ್ಳಗಿದ್ದವು.

ಎರಡು ದಿನ ಬಿಟ್ಟು ಹೊಲಿಗೆ ಕಾರ್ಖಾನೆಯಲ್ಲಿ ಕರೆಂಟು ಹೋಯಿತು. ಎಲ್ಲರನ್ನೂ ಮಧ್ಯಾಹ್ನಕ್ಕೇ ಮನೆಗೆ ಕಳಿಸಿದರು. ಚಿನಾರ ಮನೆಗೆ ಹೋಗದೆ ಹಳಿ ದಾಟಿದಳು. ಗೇಟು ತೆರೆದಿತ್ತು. ಅವಳು ನೇರ ಹಿತ್ತಲಿಗೆ ಹೋಗಿ ತೇವದ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅಲ್ಲಿ ಗೋಡೆಗುಂಟ ಕಿರಿದಾದ ಕಾಲುವೆಯಂತೆ ನೆಲ ಕೆದರಿತ್ತು. ಕೆಸರಿನಲ್ಲಿ ಸಾಬೂನಿನ ನೊರೆ ಒಣಗಿ ಅಂಟಿಕೊಂಡಿತ್ತು. ಗೋಡೆಯ ಮೇಲೆ ಕುದಿಸಿ ಚೆಲ್ಲಿದ ಚಹಾ ಎಲೆಗಳು ಮೆತ್ತಿಕೊಂಡಿದ್ದವು, ಕೆಲವು ಇನ್ನೂ ಹಸಿಯಾಗಿಯೇ ಇದ್ದವು.

ಬೆನ್ನ ಹಿಂದೆ ಹೆಜ್ಜೆ ಸದ್ದಾಯಿತು. ಜೂರಾ ಪಾತ್ರೆ ತೊಳೆದ ನೀರಿನ ಬೋಗುಣಿ ಹಿಡಿದು ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಜೂರಾ ಬೋಗುಣಿಯನ್ನು ನೆಲಕ್ಕಿಟ್ಟಳು.

"ಚಳಿ ಇದೆ. ಒಳಗೆ ಬಾ, ಚಹಾ ಕುಡಿ."

ಅಂಗಳದ ಪಕ್ಕದ ಚಿಕ್ಕ ಅಡುಗೆಮನೆಯಲ್ಲೇ ಅವಳ ವಾಸ. ಬ್ರೆಡ್ಡು, ಕೆನೆ, ಏಪ್ರಿಕಾಟ್ ಮುರಬ್ಬ ಇಟ್ಟಳು. ಅತಿಥಿಗೆ ಕೊಡುವ ವಾಡಿಕೆಯಂತೆ ಬಟ್ಟಲಿನ ಅರ್ಧದವರೆಗೆ ಚಹಾ ಬಗ್ಗಿಸಿ ಕೊಟ್ಟಳು.

"ಆ ಗೋಡೆಗೆ ಪ್ರತಿ ವರ್ಷ ಗಿಲಾವು ಮಾಡಿದ್ದು ನಾನೇ," ಅಂದಳು ಜೂರಾ. "ಇದೇ ಕೈ. ಈಗ ಇದೇ ಕೈಯಿಂದ ನೀರು ಹಾಕ್ತೀನಿ. ಹಾಕೋವಾಗ ಹೊಟ್ಟೆ ಉರಿಯತ್ತೆ, ಆದ್ರೂ ಹಾಕ್ತೀನಿ."

"ಯಾಕೆ ಅಪಾ? ಬಿದ್ದು ಹೋದ್ರೆ ಯಾರಿಗೂ ಇಲ್ಲ."

"ಬಿದ್ದರೆ ಬೀಳಲಿ. ಬೀಳೋವರೆಗೂ ಯಾರೂ ಕೊಳ್ಳಲ್ಲ. ಅಲ್ಲೀವರೆಗೂ ನಾನು ಇರ್ತೀನಿ." ಜೂರಾ ತಲೆವಸ್ತ್ರದ ತುದಿಯಿಂದ ಬಾಯಿ ಒರೆಸಿಕೊಂಡಳು. "ಮೆಲಿಸನ ಅಪ್ಪ ನನ್ನ ಗಂಡ, ಗೊತ್ತಾ? ಮೊದಲನೆಯವಳು ಸತ್ತ ಮೇಲೆ ನನ್ನ ತಂದ. ಮುಲ್ಲಾ ಬಂದು ನಿಖಾ ಓದಿದ, ಬೀದಿಯವರೆಲ್ಲ ಊಟ ಮಾಡಿದ್ರು. ಕಚೇರಿಗೆ ಹೋಗೋಣ, ಮದುವೆ ಬರೆಸೋಣ ಅಂತ ನಾನೂ ಒಂದೆರಡು ಸಲ ಅಂದೆ. 'ಈ ವಯಸ್ಸಲ್ಲಿ ಕಾಗದ ಯಾಕೆ, ಜನ ನಗ್ತಾರೆ' ಅಂದ. ನನಗೂ ಹೌದನ್ನಿಸ್ತು. ಆಮೇಲೆ ಲಕ್ವ ಹೊಡೀತು ಅವನಿಗೆ. ಮಗು ಥರ ಎತ್ತಿ ಆಡಿಸಿದೀನಿ, ಮೂರು ವರ್ಷ. ಈಗ ನಾನು ಯಾರು? ನೋಡ್ಕೊಳ್ತಿದ್ದವಳು!"

"ಕೋರ್ಟಿಗೆ ಹೋಗಬಹುದಲ್ವಾ?"

"ಹೋಗಿದ್ದೆ. ವಕೀಲ ಒಳ್ಳೆಯವನೇ. ಕಾಗದದಲ್ಲಿ ನಿಮ್ಮ ಹೆಸರು ಎಲ್ಲೂ ಇಲ್ಲ ಅಮ್ಮ ಅಂದ. ನಾನು ಅವತ್ತು ಹೇಳಿದ್ದೆಲ್ಲ ಸುಳ್ಳು, ಹೊಗೆಗೂಡು ಚೆನ್ನಾಗಿದೆ, ನೆಲಮಾಳಿಗೇಲಿ ನೀರೂ ಏಳಲ್ಲ. ಮನೆ ಗಟ್ಟಿ. ಆ ಗೋಡೆ ಬುಡವನ್ನ ಬಿಚ್ಚಿ ಒಣಗಿಸಿ ಮತ್ತೆ ಕಟ್ಟಿದ್ರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ನಿಲ್ಲತ್ತೆ." ಅವಳು ಚಿನಾರಳನ್ನೇ ದಿಟ್ಟಿಸಿದಳು. "ನಿಂದು ಬರೆಸಿದೀರಾ, ಮಗಳೇ? ಮದುವೆ?"

"ಹೂಂ," ಅಂದಳು ಚಿನಾರ.

ಅದು ಸುಳ್ಳು. ಅವರದೂ ಮುಲ್ಲಾ ಓದಿದ ನಿಖಾ ಅಷ್ಟೇ. ಬರೆಸೋಣ ಬರೆಸೋಣ ಎಂದುಕೊಳ್ಳುತ್ತಲೇ ಮಗಳು ಹುಟ್ಟಿದಳು, ಮಾಸ್ಕೋ ಬಂತು, ಆಮೇಲೆ ಯಾರಿಗೂ ನೆನಪಾಗಲಿಲ್ಲ. ಯಾಕೆ ಸುಳ್ಳು ಹೇಳಿದೆ ಎಂದು ದಾರಿಯುದ್ದಕ್ಕೂ ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ. ನಾಚಿಕೆಯೋ, ಭಯವೋ.

ಅವತ್ತು ಊಟವಾದ ಮೇಲೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ತಾನು ಹೇಳಿದ ಸುಳ್ಳೊಂದನ್ನು ಬಿಟ್ಟು. "ಯಾರ ಹತ್ರಾನೂ ಬಾಯಿ ಬಿಡಬೇಡ," ಎಂದಳು. ಜೆನಿಶ ತಲೆಯಾಡಿಸಿದ. ಅವನ ಕಣ್ಣಲ್ಲಿ ಒಂದು ಹೊಳಪು ಬಂದದ್ದನ್ನು ಅವಳು ಕಂಡಳು. ಮನೆ ಗಟ್ಟಿಯಿದೆ ಎಂಬ ಸಂತೋಷ ಇರಬೇಕೆಂದುಕೊಂಡಳು.

ಮರುದಿನ ಸಂಜೆ ಅವನು ಸಕ್ಕರೆ ಮಿಠಾಯಿ ಪೊಟ್ಟಣ ಹಿಡಿದು ಬಂದ. ಮೆಲಿಸನಿಗೆ ಫೋನು ಮಾಡಿದ್ದನಂತೆ. ನಿಮ್ಮ ಮುದುಕಿ ದಿನಾ ನೀರು ಸುರಿದು ಗೋಡೆ ಕರಗಿಸುತ್ತಿದ್ದಾಳೆ, ಇನ್ನೊಂದು ತಿಂಗಳು ಹೋದರೆ ಕೊಳ್ಳಲು ಮನೆಯೇ ಇರುವುದಿಲ್ಲ, ಬೆಲೆ ಇಳಿಸಿದರೆ ನಾನು ಈಗಲೇ ತಗೋತೀನಿ ಎಂದಿದ್ದ. ಮೆಲಿಸ ಇಳಿಸಿದ್ದ.

"ನಾನು ಹೇಳಬೇಡ ಅಂದಿದ್ದೆ."

"ನಮಗೋಸ್ಕರ ಅಲ್ವಾ? ಮಿಕ್ಕಿದ್ದರಲ್ಲಿ ಸೂರಿನ ಶೀಟೇ ಬದಲಾಯಿಸಬಹುದು. ನಿನಗೇನಾಯ್ತು, ಖುಷಿಪಡೋದು ಬಿಟ್ಟು?"

"ಅವಳನ್ನ ಏನು ಮಾಡಿದ?"

"ಯಾರನ್ನ?"

ಚಿನಾರ ಕೋಟು ಹಾಕಿಕೊಂಡು ಹೊರಟಳು. ಗೇಟಿಗೆ ಹೊಸ ಬೀಗ ಬಿದ್ದಿತ್ತು. ಪಕ್ಕದ ಮನೆಯ ಹಲೀಮಾ, ದುಂಗಾನ್ ಜನಾಂಗದ ಹೆಂಗಸು, ಅಂಗಳದಲ್ಲಿ ಈರುಳ್ಳಿ ಹೆಣೆಯುತ್ತಿದ್ದವಳು, ತಲೆಯೆತ್ತಿ ನೋಡಿದಳು.

"ಕೊಂಡವಳು ನೀನೇನಾ?"

"ಇನ್ನೂ ಕೊಂಡಿಲ್ಲ."

"ಮೆಲಿಸ ಮಧ್ಯಾಹ್ನ ಬಂದ. ಅವಳ ಮೂಟೆಗಳನ್ನ ರಸ್ತೆಗೆ ತಂದಿಟ್ಟ. ಬೈಯಲಿಲ್ಲ, ಹೊಡೀಲಿಲ್ಲ, ನೆಟ್ಟಗೆ ಮಡಚಿ ಇಟ್ಟ, ಅಂಗಡಿಯವನ ಥರ. ನಮ್ಮ ಈರುಳ್ಳಿ ಕೋಣೇಲಿದಾಳೆ. ಹೋಗು, ನೀನೇ ಮುಖ ನೋಡು ಅವಳದ್ದು."

ಈರುಳ್ಳಿಯ ಘಾಟು ತುಂಬಿದ ಕೋಣೆಯಲ್ಲಿ ಜೂರಾ ಗೋಣಿಚೀಲದ ಮೇಲೆ ಕೂತಿದ್ದಳು. ಚಿನಾರಳನ್ನು ಕಂಡು ಜಾಗ ಬಿಟ್ಟು ಸರಿದಳು. ಅವಳು ಬೈದಿದ್ದರೆ ಚಿನಾರಳಿಗೆ ಹಗುರವಾಗುತ್ತಿತ್ತು.

"ಅಪಾ, ನಾನು ಗಂಡನಿಗೆ ಹೇಳಿದೆ. ಅವನು..."

"ಗಂಡನಿಗಲ್ದೆ ಇನ್ಯಾರಿಗೆ ಹೇಳ್ತೀಯ. ನಾನೂ ನನ್ನವನಿಗೆ ಎಲ್ಲಾ ಹೇಳ್ತಿದ್ದೆ."

"ನಾವು ಕೊಂಡರೆ ನೀವು ಆ ಅಡುಗೆಮನೇಲೇ ಇರಿ. ಚಳಿಗಾಲ ಕಳೀಲಿ."

"ಬೇಡ. ನಾನು ಗುಡಿಸಿದ ಮನೇಲಿ ನಾನೇ ಅತಿಥಿಯಾಗಿ ಕೂರೋಕಾಗಲ್ಲ. ಕೆಮಿನ್‌ನಲ್ಲಿ ತಮ್ಮನ ಮಗ ಇದಾನೆ. ಹೇಳಿ ಕಳಿಸಿದೀನಿ."

ಚಿನಾರ ಅವಳ ಪಕ್ಕದಲ್ಲಿ ಗೋಣಿಚೀಲದ ಮೇಲೆ ಕೂತಳು. ಆಮೇಲೆ ಹೇಳಿದಳು: "ನಾವು ಬರೆಸಿಲ್ಲ, ಅಪಾ. ಮದುವೆ. ಅವತ್ತು ಸುಳ್ಳು ಹೇಳಿದೆ."

ಜೂರಾ ಅವಳ ಕಡೆ ತಿರುಗಲಿಲ್ಲ. "ಗೊತ್ತಾಯ್ತು ನನಗೆ," ಅಂದಳು. "ಬೇಗ ಹೇಳಿಬಿಟ್ಟೆ ನೋಡು ಹೂಂ ಅಂತ."

ಆ ವಾರ ಜೆನಿಶನ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಮೊದಲು ಕಚೇರಿಯಲ್ಲಿ ಮದುವೆ ಬರೆಸಬೇಕು, ಆಮೇಲೆ ಮನೆ, ಅದೂ ಇಬ್ಬರ ಹೆಸರಿನಲ್ಲಿ ಎಂದು ಚಿನಾರ ಹೇಳಿಬಿಟ್ಟಳು. ಹಣ ಅವಳ ಪೆಟ್ಟಿಗೆಯಲ್ಲಿತ್ತು, ಬೀಗದ ಕೈ ಅವಳ ಕೊರಳಲ್ಲಿತ್ತು.

"ನಾನೇನು ಓಡಿ ಹೋಗ್ತೀನಾ?" ಅಂದ ಜೆನಿಶ. "ಇಷ್ಟು ವರ್ಷ ಬಾಳಿದ ಮೇಲೆ ಈಗ ನನ್ನ ಮೇಲೆ ಅನುಮಾನ ಬಂತಾ?"

"ನಿನ್ನ ಮೇಲಲ್ಲ."

"ಮತ್ಯಾರ ಮೇಲೆ? ನಮ್ಮಮ್ಮನ ಮೇಲಾ?"

ಅತ್ತೆ ಒಳಗಿಂದಲೇ ಹೇಳಿದರು: "ಮಾಸ್ಕೋ ನೀರು ಕುಡಿದು ಬಂದೋರು ಹಿಂಗೇ. ಆ ಮುದುಕಿ ತಲೆ ಕೆಡಿಸಿದಾಳೆ. ಯಾರೋ ಬೀದೀಲಿ ಬಿದ್ದರೆ ನನ್ನ ಮಗನೂ ನಿನ್ನ ಬೀದಿಗೆ ಹಾಕ್ತಾನಾ?"

"ಅವಳ ಗಂಡ ಹಾಕ್ಲಿಲ್ಲ ಅತ್ತೆ. ಅವನು ಸತ್ತ. ಹಾಕಿದ್ದು ಬೇರೆಯವರು."

ಜೆನಿಶ ಹೊರಗೆ ಹೋಗಿ ವ್ಯಾನಿನ ಬಾನೆಟ್ ಎತ್ತಿ, ಕೆಟ್ಟಿರದ ಎಂಜಿನನ್ನು ಬಿಚ್ಚತೊಡಗಿದ. ಅವನು ಕೆಟ್ಟವನಲ್ಲ. ತಾನು ಮಾಡಿದ ಒಂದು ಫೋನಿನಿಂದ ಯಾರೋ ರಸ್ತೆಗೆ ಬಿದ್ದರು ಎಂಬುದು ಅವನನ್ನೂ ಒಳಗೊಳಗೇ ಕೊರೆಯುತ್ತಿತ್ತು. ಅದನ್ನು ಹೆಂಡತಿಯ ಮುಂದೆ ಒಪ್ಪಿಕೊಂಡರೆ ಉಳಿದದ್ದನ್ನೆಲ್ಲ ಒಪ್ಪಿಕೊಂಡಂತಾಗುತ್ತದೆ ಎಂದು ಬಿಗಿದುಕೊಂಡಿದ್ದ. ಮಾತು ನಿಂತಿತು. ಮಗಳ ಮೂಲಕ ಉಪ್ಪು ಕೇಳುವುದು, ಮಗಳ ಮೂಲಕ ಉಪ್ಪು ಕೊಡುವುದು ನಡೆಯಿತು. ಇತ್ತ ಮೆಲಿಸ ಫೋನು ಮಾಡಿ, ಬೇರೆಯವರು ನೋಡಿ ಹೋಗಿದ್ದಾರೆ, ನಿಮಗೆ ಬೇಕೋ ಬೇಡವೋ ಎಂದು ಗದರಿಸಿದ.

ಕೊನೆಗೆ ಜೆನಿಶನೇ ಮಣಿದ. ಪ್ರೀತಿಯಿಂದ ಮಣಿದನೋ, ಮನೆ ಕೈತಪ್ಪುವ ಭಯದಿಂದಲೋ ಚಿನಾರಳಿಗೆ ತಿಳಿಯಲಿಲ್ಲ, ಅವಳು ಕೇಳಲೂ ಇಲ್ಲ. ಅರ್ಜಿ ಕೊಟ್ಟು, ಕರೆದ ದಿನ ಕಚೇರಿಗೆ ಹೋದರು. ಅಲ್ಲಿ ಹೂಗುಚ್ಛ ಹಿಡಿದ ಎಳೆಯ ಜೋಡಿಗಳ ನಡುವೆ, ಒಬ್ಬ ಹಾಲಿನ ವಾಸನೆಯ ಅಂಗಿಯಲ್ಲಿ, ಇನ್ನೊಬ್ಬಳು ಕೆಲಸದ ಕೋಟಿನಲ್ಲಿ ಕಾದು ಕೂತರು. ಸಹಿ ಹಾಕುವಾಗ ಕಚೇರಿಯ ಹೆಂಗಸು ನಗುತ್ತಾ, "ಮದುವಣಿಗ ಯಾಕೆ ಹಲ್ಲು ಕೀಳಿಸೋಕೆ ಬಂದೋರ ಥರ ಕೂತಿದಾರೆ?" ಅಂದಳು. ಅವನು ನಗಲಿಲ್ಲ. ಹೊರಗೆ ಬಂದ ಮೇಲೆ, "ಈಗ ಸಮಾಧಾನಾನಾ?" ಎಂದು ಕೇಳಿದ.

"ಇಲ್ಲ," ಅಂದಳು ಚಿನಾರ. "ಇನ್ನೊಂದಿದೆ. ಮೆಲಿಸ ಇಳಿಸಿದ ದುಡ್ಡು ನಮ್ಮದಲ್ಲ."

"ಅಂದ್ರೆ?"

"ಜೂರಾ ಅಪಾದು."

ಜೆನಿಶ ನಡುರಸ್ತೆಯಲ್ಲೇ ನಿಂತುಬಿಟ್ಟ. ಸೂರಿನ ಶೀಟು ಎಲ್ಲಿಂದ ಬರತ್ತೆ, ಗೋಡೆ ಕಟ್ಟೋಕೆ ಯಾರ ಅಪ್ಪ ಕೊಡ್ತಾನೆ, ಗೋಡೆ ಹಾಳು ಮಾಡಿದವಳಿಗೆ ನಾವು ದಂಡ ಕಟ್ಟಬೇಕಾ ಎಂದು ಕೂಗಾಡಿದ. ಚಿನಾರ ಎಲ್ಲವನ್ನೂ ಕೇಳಿಸಿಕೊಂಡಳು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಿತ್ತಲ ಗೋಡೆಗೆ ಈ ಚಳಿಗಾಲ ಹಲಗೆ ಊರುಗೋಲು ಕೊಟ್ಟು, ಆ ಕೋಣೆಯನ್ನು ಮುಚ್ಚಿ, ಮೂವರೂ ಒಲೆಯಿರುವ ಕೋಣೆಯಲ್ಲೇ ಕಳೆಯಬೇಕಾಗುತ್ತದೆ. ಅವಳೂ ಅದನ್ನೆಲ್ಲ ಲೆಕ್ಕ ಹಾಕಿದ್ದಳು.

"ಕಳೆಯೋಣ," ಅಂದಳು. "ನಾನು ಆ ದುಡ್ಡಿನ ಶೀಟಿನ ಕೆಳಗೆ ಮಲಗಲ್ಲ."

ಮೊದಲ ಹಿಮ ಬೀಳುವ ಮುನ್ನ ಮನೆ ಇಬ್ಬರ ಹೆಸರಿಗಾಯಿತು. ಸಾಮಾನು ಸಾಗಿಸಿದ ದಿನ ಬೀದಿಯ ಹೆಂಗಸರು ವಾಡಿಕೆಯಂತೆ ಬ್ರೆಡ್ಡು ತಂದರು. ಹಲೀಮಾ ಮಾತ್ರ ಬರಲಿಲ್ಲ, ಬೇಲಿಯ ಆಚೆಯಿಂದ ತಲೆಯಾಡಿಸಿದಳು. ಚಿನಾರ ಹಣವನ್ನು ಬಟ್ಟೆಯಲ್ಲಿ ಸುತ್ತಿ, ಇನ್ನೂ ಹಲೀಮಾಳ ಈರುಳ್ಳಿ ಕೋಣೆಯಲ್ಲೇ ಇದ್ದ ಜೂರಾಳ ಮುಂದಿಟ್ಟಾಗ ಅವಳು ಬೇಡವೆನ್ನಲಿಲ್ಲ, ಹರಸಲೂ ಇಲ್ಲ.

"ಇದು ನೀನು ಕೊಟ್ಟಿದ್ದಲ್ಲ," ಅಂದಳು. "ನಾನು ದುಡಿದಿದ್ದು."

"ಹೌದು ಅಪಾ."

ಮರುದಿನ ಅವಳನ್ನು ಕೆಮಿನ್‌ಗೆ ಬಿಡಲು ಜೆನಿಶ ತಾನೇ ಹೊರಟ. ಯಾರೂ ಹೇಳಿರಲಿಲ್ಲ. ಹಾಲು ಇಳಿಸಿ ಬಂದವನು ವ್ಯಾನನ್ನು ಹಲೀಮಾಳ ಗೇಟಿಗೆ ಹಿಮ್ಮುಖವಾಗಿ ತಂದು ನಿಲ್ಲಿಸಿ, ಮೂಟೆಗಳನ್ನು ಎತ್ತಿಟ್ಟ. ಜೂರಾ ಮುಂದಿನ ಸೀಟಿನಲ್ಲಿ ಕೂತಳು. ಹೋಗುವಾಗ ಮನೆಯ ಕಡೆ ನೋಡಲಿಲ್ಲ. ಚಿನಾರ ಗೇಟಿನಲ್ಲಿ ನಿಂತು ನೋಡುತ್ತಿದ್ದಳು.

ಅವನು ಹಿಂತಿರುಗಿದಾಗ ದೀಪ ಹಚ್ಚುವ ಹೊತ್ತು. ಕೈ ತೊಳೆದು ಒಲೆಯ ಬಳಿ ಕೂತ. ಚಿನಾರ ನೂಡಲ್ಸಿನ ಸಾರು ಬಡಿಸಿದಳು. ವಾರಗಳ ಮೇಲೆ ಅವನು ತಾನಾಗಿ ಮಾತಾಡಿದ.

"ಅವರ ತಮ್ಮನ ಮಗ ಮನೇಲಿರಲಿಲ್ಲ. ಅವನ ಹೆಂಡತಿ ಬಾಗಿಲು ಅರ್ಧ ತೆಗೆದು, 'ಇವತ್ತೇ ಬರ್ತೀರ ಅಂತ ಗೊತ್ತಿರಲಿಲ್ಲ' ಅಂದಳು. ಮೂಟೆ ಮುಟ್ಟಲಿಲ್ಲ. ಗಂಡನಿಗೆ ಫೋನು ಮಾಡ್ತೀನಿ ಅಂತ ಮತ್ತೆ ಬಾಗಿಲು ಹಾಕಿದಳು. ಅಪಾ ಹೊಸಿಲ ಹತ್ರ ನಿಂತೇ ಇದ್ರು. ನನಗೆ ಹೋಗು ಹೋಗು ಅಂದ್ರು. ನಾನು ವ್ಯಾನಲ್ಲೇ ಕೂತಿದ್ದೆ."

"ಆಮೇಲೆ?"

"ಆಮೇಲೆ ತೆಗೆದಳು."

"ಎಷ್ಟು ಹೊತ್ತಿಗೆ?"

ಜೆನಿಶ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದ. ಸಾರು ಆರುತ್ತಿತ್ತು. ಮಗಳು ಅಪ್ಪನನ್ನೂ ಅಮ್ಮನನ್ನೂ ನೋಡಿದಳು, ಉಪ್ಪಿನ ಡಬ್ಬಿಯನ್ನು ತಾನಾಗಿಯೇ ಇಬ್ಬರ ನಡುವೆ ತಳ್ಳಿದಳು.

"ಬಿಸಿ ಮಾಡ್ಕೊಡ್ಲಾ?" ಎಂದು ಚಿನಾರ ಕೇಳಿದಳು.

"ಬೇಡ, ಕೂತ್ಕೋ," ಅಂದ ಜೆನಿಶ.

ಅವಳು ಕೂತಳು.